ಗೋಡೆಯೊಳಗಿನ ಹದಿನಾರು ವೋಲ್ಟ್

ನಾನು ಒಂದು ಟಾಂಗ್ ಟೆಸ್ಟರ್. ಎಲೆಕ್ಟ್ರಿಷಿಯನ್ನರ ಚೀಲದಲ್ಲಿ ಇಕ್ಕಳದಂತೆ ಬಾಯಿ ತೆರೆಯುವ ಹಳದಿ ಮೀಟರನ್ನು ನೀವು ನೋಡಿರಬಹುದು. ತಂತಿಯನ್ನು ನನ್ನ ಬಾಯೊಳಗೆ ಬಿಟ್ಟರೆ ಅದರಲ್ಲಿ ಎಷ್ಟು ಆಂಪಿಯರ್ ಕರೆಂಟ್ ಹರಿಯುತ್ತಿದೆ ಎಂದು ಹೇಳುತ್ತೇನೆ. ನನ್ನ ಕೆಂಪು, ಕಪ್ಪು ಕಡ್ಡಿಗಳನ್ನು ಸಾಕೆಟ್ಟಿಗೆ ತೂರಿಸಿದರೆ ಎಷ್ಟು ವೋಲ್ಟ್ ಎಂದು ಹೇಳುತ್ತೇನೆ. ನನ್ನ ವಿದ್ಯೆ ಅಷ್ಟೇ. ಗುಣಿಸುವುದು, ಭಾಗಿಸುವುದು ನನಗೆ ಬಾರದು. ಅದನ್ನು ಮನುಷ್ಯರಿಗೆ ಬಿಟ್ಟಿದ್ದಾರೆ. ಎಡವಟ್ಟಾಗಿದ್ದು ಅಲ್ಲಿಯೇ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಕೈಗೆ ಬಿಳಿ ಗವಸು ಹಾಕಿದ ಹೆಂಗಸೊಬ್ಬಳು ನನ್ನನ್ನು ಪರೀಕ್ಷಿಸಿ, ಇದು ಸುಳ್ಳು ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಡಬ್ಬಿಗೆ ಹಾಕಿದಳು. ಮೊದಲು ನನ್ನನ್ನು ಕೊಂಡವನು ಒಬ್ಬ ಕಂಟ್ರಾಕ್ಟರ್. ಅವನ ಸೊಂಟದಲ್ಲಿ ಒಡವೆಯ ಹಾಗೆ ತೂಗಾಡುವುದೇ ನನ್ನ ಕೆಲಸವಾಗಿತ್ತು. ಇನ್ನೊಂದು ಹೊಸದು ಬಂದಾಗ ಅವನು ನನ್ನನ್ನು ತನ್ನ ಬಳಿ ದುಡಿಯುತ್ತಿದ್ದ ಸಂಪಂಗಪ್ಪನಿಗೆ ಕೊಟ್ಟುಬಿಟ್ಟ.

ಸಂಪಂಗಪ್ಪ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ಒಳ್ಳೆಯವನು, ದಿನವೂ ನನ್ನ ಮುಖ ಒರೆಸುತ್ತಿದ್ದ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆ ಜಾತಿಯವನು. ನಾನು ಹೇಳಿದ ಅಂಕಿಯನ್ನು ಓದುತ್ತಿದ್ದ, ಅದರ ಅರ್ಥ ಹುಡುಕಲು ನಿಲ್ಲುತ್ತಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಶಂಕರಲಿಂಗಪ್ಪ ಸಾಹುಕಾರರು ಅವನನ್ನು ತಮ್ಮ ಶೆಡ್ಡಿಗೆ ಕರೆಸಿದರು. ನೂಲಿನ ಕೋಣೆಯ ಕರೆಂಟ್ ಒಲೆ ಸರಿಯಾಗಿ ಕಾಯುತ್ತಿರಲಿಲ್ಲ. ಮಾರನೆಯ ದಿನದ ಪ್ರಸಾದಕ್ಕೆ ಅದೇ ಒಲೆ ಬೇಕಿತ್ತು. ಸಂಪಂಗಪ್ಪ ಒಲೆ ಹಚ್ಚಿ, ನನ್ನನ್ನು ಮೇನ್ ಬೋರ್ಡಿಗೆ ಹಿಡಿದ. ಇನ್ನೂರ ಮೂವತ್ತು ವೋಲ್ಟ್ ಅಂದೆ. ನೂಲಿನ ಕೋಣೆಯ ಸಾಕೆಟ್ಟಿಗೆ ಹಿಡಿದ. ಇನ್ನೂರ ಹದಿನಾಲ್ಕು ಅಂದೆ. ಬಾಯಿಗೆ ತಂತಿ ಕೊಟ್ಟ. ಎಂಟು ಆಂಪಿಯರ್ ಅಂದೆ. ಹದಿನಾರು ವೋಲ್ಟ್ ದಾರಿಯಲ್ಲೇ ಮಾಯವಾಗಿತ್ತು.

ವೈರು ಉದ್ದ ಇರುವುದರಿಂದ ಹಾಗಾಗಿದೆ ಎಂದು ಸಂಪಂಗಪ್ಪ ಸಾಹುಕಾರರಿಗೆ ಹೇಳಿದ. ಅವರಿಗೂ ಅಷ್ಟು ಸಾಕಾಗಿತ್ತು. ಆಗಲೇ ತೊಳೆದ ಸ್ಪ್ಯಾನರು, ಕತ್ತರಿ, ಲಾಳಿಗಳನ್ನು ಮುಂಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸುತ್ತಿದ್ದರು. ಮೀಟರನ್ನೂ ಪೂಜೆಗೆ ಇಡು ಅಂದರು. ಆ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು: ಪೂಜೆಯಾದ ಆಯುಧವನ್ನು ಮರುದಿನ ಬೆಳಗಾಗುವ ತನಕ ಯಾರೂ ಮುಟ್ಟಬಾರದು. ಮೇನ್ ಸ್ವಿಚ್ಚೂ ಅವರ ಪಾಲಿಗೆ ಆಯುಧವೇ. ಒಲೆ ಮಾತ್ರ ಅಲ್ಲ.

ಮರುದಿನ ನನ್ನ ಹಣೆಗೆ ವಿಭೂತಿ, ಬಾಯಿಗೆ ಕುಂಕುಮ. ಮೇನ್ ಸ್ವಿಚ್ಚಿನ ಎರಡೂ ಕಡೆ ಬಾಳೆಕಂದು ಕಟ್ಟಿ, ಹಿಡಿಕೆಗೆ ಸೇವಂತಿಗೆ ಹಾರ ಸುತ್ತಿದರು. ಮಗ್ಗಗಳು ನಿಂತಿದ್ದವು. ಅಷ್ಟು ನಿಶ್ಶಬ್ದವಾದ ಶೆಡ್ಡನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಅದು ಹಿಡಿಸಲಿಲ್ಲ.

ನೂಲು ಸುತ್ತುವ ದೇವೀರಮ್ಮ ನೂಲಿನ ಕೋಣೆಯಲ್ಲಿ ಕೇಸರಿಬಾತ್ ಕೆದಕುತ್ತಿದ್ದಳು. ಆಕೆಯ ಸುತ್ತ ಆಳೆತ್ತರಕ್ಕೆ ಪೇರಿಸಿದ ನೂಲಿನ ಕೋನುಗಳು. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಸಂಪಂಗಪ್ಪ ಒಳಗೆ ಹೋದಾಗ ಆಕೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು.

"ಬಾಪ್ಪ, ಇಲ್ಲೇ ಕೂತ್ಕೊ. ಒಲೆ ಹಚ್ಚಿದ್ರೆ ಈ ಗೋಡೆ ಬೆಚ್ಚಗಾಯ್ತದೆ. ನನ್ನ ಸೊಂಟನೋವಿಗೆ ಹಿತ."

ಸಂಪಂಗಪ್ಪ ಗೋಡೆಗೆ ಅಂಗೈ ಒತ್ತಿ, ಸರಕ್ಕನೆ ಹಿಂದಕ್ಕೆ ತೆಗೆದ. ನಿನ್ನೆ ಮಾಡಬೇಕಾಗಿದ್ದ ಲೆಕ್ಕವನ್ನು ಆಗ ಬಾಯಲ್ಲೇ ಮಾಡಿದ.

"ಹದಿನಾರು ವೋಲ್ಟು, ಎಂಟು ಆಂಪಿಯರ್. ಭಾಗಿಸಿದ್ರೆ ಎರಡು ಓಮು. ತಾಮ್ರದ ವೈರಿಗೆ ಅಷ್ಟು ತಡೆ ಬರಾಕಿಲ್ಲ, ಒಳಗೆ ಜಾಯಿಂಟು ಸಡ್ಲ ಆಗೈತೆ. ಹದಿನಾರೆಂಟ್ಲಿ ನೂರಿಪ್ಪತ್ತೆಂಟು. ನೂರಿಪ್ಪತ್ತೆಂಟು ವ್ಯಾಟು ಈ ಗೋಡೆ ಒಳಗೆ ಉರೀತೈತೆ."

ನೂರು ವ್ಯಾಟಿನ ಬಲ್ಬು ಉರಿಯುವಾಗ ಮುಟ್ಟಿದವರಿಗೆ ಅದರ ಕಾವು ಗೊತ್ತು. ಅದಕ್ಕಿಂತ ಹೆಚ್ಚಿನ ಕಾವು ಗಾರೆಯೊಳಗೆ, ಬೆರಳುಗಾತ್ರದ ಜಾಗದಲ್ಲಿ, ಒಲೆ ಹಚ್ಚಿದಾಗಲೆಲ್ಲ ಬೇಯುತ್ತಿತ್ತು. ದೇವೀರಮ್ಮ ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳಂತೆ ಅದಕ್ಕೇ ಒರಗಿ ಕೂತಿದ್ದಳು.

ಅವನು ಮೇನ್ ಸ್ವಿಚ್ಚಿನ ಕಡೆ ಓಡಿದ. ಸಾಹುಕಾರರು ಅವನ ಮಣಿಕಟ್ಟು ಹಿಡಿದರು. ಅವರೇನೂ ಗದರಲಿಲ್ಲ.

"ಹಾರ ಹಾಕಿರೋ ಮೇನಿಗೆ ಇವತ್ತು ಕೈ ಹಾಕಬಾರ್ದು ಕಣಪ್ಪ. ನಾಳೆ ಬೆಳಿಗ್ಗೆ ಮೊದಲ್ನೇ ಕೆಲಸ ಇದೇ."

ಹಾಗಾದರೆ ಒಲೆಯನ್ನಾದರೂ ಆರಿಸಿ ಎಂದು ಅವನು ಬೇಡಿಕೊಂಡ. ಈಗಷ್ಟೇ ಸಕ್ಕರೆ ಹಾಕಿದ್ದೇನೆ, ನಿಲ್ಲಿಸಿದರೆ ದೇವರ ಪ್ರಸಾದ ಗಂಟು ಕಟ್ಟುತ್ತದೆ, ಇನ್ನೊಂದು ಗಳಿಗೆ ತಡಿ ಎಂದು ದೇವೀರಮ್ಮ ಒಳಗಿಂದಲೇ ಕೂಗಿದಳು. ಸಂಪಂಗಪ್ಪ ಅಲ್ಲೇ ನಿಂತುಬಿಟ್ಟ. ಅವನ ಕೈ ಕೆಳಗಿಳಿದದ್ದನ್ನು ನಾನು ನೋಡಿದೆ. ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ಗೋಡೆಯ ಸುಣ್ಣ ಕಂದಾಯಿತು. ಆಮೇಲೆ ಸಾಕೆಟ್ಟಿನಿಂದ ಬೆಂಕಿ ಚಿಮ್ಮಿ ನೂಲಿನ ಮೇಲೆ ಬಿತ್ತು. ಸಂಪಂಗಪ್ಪ ಹಾರ ಕಿತ್ತೆಸೆದು ಸ್ವಿಚ್ ಎಳೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೂಲಿಗೆ ಹತ್ತಿದ ಬೆಂಕಿಗೆ ಕರೆಂಟಿನ ಹಂಗಿರಲಿಲ್ಲ. ಅವನು ಒಳಗೆ ನುಗ್ಗಿ ದೇವೀರಮ್ಮನನ್ನು ಹೊತ್ತು ತಂದ. ಆಸ್ಪತ್ರೆಗೆ ಒಯ್ದರು. ಆಕೆ ಮರಳಿ ಬರಲಿಲ್ಲ.

ಮುಂಬಾಗಿಲ ಬಳಿಯ ಮೇಜಿಗೆ ಬೆಂಕಿ ತಾಗಲಿಲ್ಲ. ಚೌಡೇಶ್ವರಿ ತಾಯಿಯೇ ಪೂಜೆಯ ಸಾಮಾನನ್ನು ಕಾಪಾಡಿದಳು ಎಂದು ಜನ ಕೈಮುಗಿದರು. ಸಾಹುಕಾರರು ನನ್ನನ್ನು ತಮ್ಮ ಮನೆಯ ದೇವರ ಗೂಡಿನಲ್ಲಿ ಇಟ್ಟುಕೊಂಡರು. ನನ್ನ ಸೆಲ್ಲು ಒಳಗೇ ಒಸರಿ ಹೊಟ್ಟೆಯನ್ನು ತಿಂದುಹಾಕಿದೆ. ಈಗ ನಾನು ಯಾವ ಅಂಕಿಯನ್ನೂ ತೋರಿಸಲಾರೆ. ಆದರೂ ವರ್ಷವರ್ಷ ಕುಂಕುಮ ತಪ್ಪಿಲ್ಲ. ಅಂಕಿ ತೋರಿಸುತ್ತಿದ್ದ ಕಾಲದಲ್ಲಿ ನನಗೆ ಇಷ್ಟು ಮರ್ಯಾದೆ ಇರಲಿಲ್ಲ.

ಕೆಲವು ತಿಂಗಳ ಹಿಂದೆ ಸಂಪಂಗಪ್ಪ ಬಂದಿದ್ದ. ಕೈಯ ಮೇಲಿನ ಸುಟ್ಟ ಚರ್ಮ ಇನ್ನೂ ಬಿಗಿದುಕೊಂಡಿತ್ತು. ಸಾಹುಕಾರರು ನನ್ನನ್ನು ಎರಡೂ ಕೈಯಲ್ಲಿ ಎತ್ತಿ, ನಿನ್ನದೇ ತಾನೆ, ತಗೊಂಡು ಹೋಗು ಅಂದರು.

"ಬ್ಯಾಡಿ ಸಾಹುಕಾರ್ರೇ," ಅಂದ ಅವನು. "ಅದು ಹೇಳೋದನ್ನ ಪೂಜೆ ಹಿಂದಿನ ದಿನವೇ ಹೇಳಿತ್ತು."

ಸಾಹುಕಾರರು ನನ್ನನ್ನು ಗೂಡಿನಲ್ಲಿ ಮತ್ತೆ ಇಟ್ಟು, ಅಂಕಿ ಮೂಡುವ ಗಾಜು ಕಾಣದ ಹಾಗೆ ಅದರ ಮೇಲೆ ಒಂದು ಹೂವಿಟ್ಟರು.