ಸುಮ್ಮನೆ ಅಂದವಳೂ ಬೇಡ ಅನ್ನಬಹುದು

ಫೋನಿನಲ್ಲಿ ಪರಿಚಯವಾದ ಗಂಡಸು ಕೆಟ್ಟವನಾದರೆ ಬೈಗುಳ ಯಾರಿಗೆ? ಫೋನ್ ಹಿಡಿದ ಹುಡುಗಿಗೆ. ಎಲ್ಲ ಬೀದಿಗಳಲ್ಲೂ ಹೀಗೇ, ನಿಮ್ಮ ಬೀದಿಯಲ್ಲೂ. ಅದಕ್ಕೇ ಈ ಕಥೆಯನ್ನು ಮನೆಯವರೆಲ್ಲ ಕೂತು ಕೇಳಿ. ಹುಡುಗಿಯೊಬ್ಬಳನ್ನೇ ಕೂರಿಸಿ ಕೇಳಿಸಬೇಡಿ.

ನಮ್ಮ ಹುಡುಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ. ಇಪ್ಪತ್ತಾರು ದಾಟಿದರೂ ಪುಟ್ಟಿಯೇ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಅಂಗಡಿಯ ಹಿಂಭಾಗದ ಪುಟ್ಟ ಕತ್ತಲೆ ಕೋಣೆಯಲ್ಲಿ ಬಂದವರನ್ನು ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, ಒಂದೊಂದೇ ಗಾಜು ಬದಲಿಸುತ್ತಾ "ಈಗ ಚೆನ್ನಾಗಿ ಕಾಣುತ್ತಾ, ಮುಂಚೆ ಚೆನ್ನಾಗಿತ್ತಾ?" ಎಂದು ಕೇಳಬೇಕು. ಮಸುಕಾಗಿದ್ದ ಅಕ್ಷರ ಫಕ್ಕನೆ ಕಂಡು ಎದುರಿಗಿದ್ದವರ ಮುಖ ಅರಳಿದರೆ ಅವಳಿಗೆ ಹಬ್ಬ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಪುಟ್ಟಿ ಒಂದು ಡೇಟಿಂಗ್ ಆ್ಯಪ್ ಹಾಕಿಕೊಂಡಳು. 'ಸುಮ್ಮನೆ ಪರಿಚಯ. ಕಾಫಿ, ಸಿನಿಮಾ, ಹರಟೆ. ಮದುವೆ ಮಾತು ಬೇಡ' ಎಂದು ನೇರವಾಗಿ ಬರೆದಳು. ಅದರಲ್ಲಿ ತಪ್ಪೇನಿಲ್ಲ, ಮೂಗು ಮುರಿಯಬೇಡಿ. ಎಡವಿದ್ದು ಫೋಟೋದಲ್ಲಿ. ಅಂಗಡಿಯ ಹೊಸ ಫ್ರೇಮ್ ಹಾಕಿಕೊಂಡು ಅಲ್ಲೇ ನಿಂತು ತೆಗೆದ ಫೋಟೋ ಅದು. ಬಾಗಿಲ ಗಾಜಿನ ಮೇಲೆ ಅಂಟಿಸಿದ ಅಂಗಡಿಯ ಹೆಸರು ಒಳಗೆ ಕೂತವರಿಗೆ ಸದಾ ಉಲ್ಟಾ ಕಾಣುತ್ತದೆ. ಹಾಗಾಗಿ ಪುಟ್ಟಿ ಅದನ್ನು ಓದುವುದನ್ನೇ ಬಿಟ್ಟಿದ್ದಳು. ಆದರೆ ಅವಳ ಬೆನ್ನ ಹಿಂದೆ ಕನ್ನಡಿ ಇತ್ತು. ಉಲ್ಟಾ ಅಕ್ಷರ ಕನ್ನಡಿಯಲ್ಲಿ ನೆಟ್ಟಗಾಗಿ ಫೋಟೋದೊಳಗೆ ಕೂತಿತ್ತು.

ಆ್ಯಪಿನಲ್ಲಿ ಸಿಕ್ಕವನು ಫ್ಲ್ಯಾಟ್ ಮಾರುವ ಕೆಲಸದವನು. ಕಾಫಿ ಅಂಗಡಿಯಲ್ಲಿ ಒಂದು ಸಲ ಭೇಟಿಯಾಯಿತು. ಕಾಫಿ ತಂದವನನ್ನು ಅವನು ಗದರಿಸಿದ. ಹೊರಡುವಾಗ ಇವಳ ಮಣಿಕಟ್ಟು ಹಿಡಿದು, ಬಿಡು ಎಂದರೂ ಬಿಡದೆ ನಕ್ಕ. ಪುಟ್ಟಿ ಮನೆಗೆ ಬಂದು 'ನಮ್ಮಿಬ್ಬರಿಗೆ ಹೊಂದುವುದಿಲ್ಲ, ಇಲ್ಲಿಗೆ ಸಾಕು' ಎಂದು ಬರೆದು ಬ್ಲಾಕ್ ಮಾಡಿದಳು. ಭೇಟಿಗೆ ಹೋಗುವಾಗ ಯಾರಿಗೂ ಹೇಳಿರಲಿಲ್ಲ, ಬಂದ ಮೇಲೂ ಹೇಳಲಿಲ್ಲ.

ಮುಂದಿನ ವಾರ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಅವನೇ ಕೂತಿದ್ದ.

"ಫೋಟೋದಲ್ಲೇ ವಿಳಾಸ ಕೊಟ್ಟಿದ್ದೀಯಲ್ಲ" ಎಂದ. "ನೋಡು, ನನ್ನ ಕಣ್ಣು ನೋಡು. ಅದೇ ತಾನೆ ನಿನ್ನ ಕೆಲಸ?"

ಪುಟ್ಟಿ ಅವನ ಮೂಗಿನ ಮೇಲೆ ಫ್ರೇಮ್ ಇಟ್ಟಳು. ಗಾಜು ಬದಲಿಸಿದಳು. ಅವನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಆದರೂ ಪ್ರತಿ ಗಾಜಿಗೂ "ಮಸುಕು, ಇನ್ನೂ ಹತ್ತಿರ ಬಂದು ನೋಡು" ಎಂದ.

"ನಾನು ಬೇಡ ಅಂತ ಹೇಳಿದ್ದೀನಲ್ವಾ?" ಎಂದಳು ಪುಟ್ಟಿ.

"ಸುಮ್ನೆ ಅಂತ ಬರ್ಕೊಂಡವಳು ನೀನೇ. ಸುಮ್ನೆ ಅಂದ್ಮೇಲೆ ಬೇಡ ಏನು, ಬೇಕು ಏನು?"

ಅವನು ಮತ್ತೆ ಬಂದ, ಅಂದು ಹಟ ಮಾಡಿ ಕೊಂಡ ಕನ್ನಡಕ ಹೊಂದುತ್ತಿಲ್ಲ ಎಂಬ ನೆಪ ಹೇಳಿಕೊಂಡು. ಪುಟ್ಟಿ ಅಂಗಡಿಯ ಯಜಮಾನರಿಗೆ ಹೇಳಿದಳು. "ಗಿರಾಕಿ ಗಿರಾಕಿನೇ ಕಣಮ್ಮ. ನಿಮ್ಮಿಬ್ಬರ ವ್ಯವಹಾರ ಹೊರಗಿಟ್ಟುಕೊಳ್ಳಿ" ಎಂದರು ಆ ಪುಣ್ಯಾತ್ಮರು.

ಪುಟ್ಟಿಯ ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಅತ್ತಿಗೆ ಕೊರಿಯರ್ ಕಂಪನಿಯಲ್ಲಿ ದಿನವಿಡೀ ಫೋನಿನಲ್ಲಿ ದೂರು ಕೇಳುವವಳು. ಅವತ್ತು ಸಂಜೆ ಪುಟ್ಟಿ ಅಡುಗೆಮನೆಯಲ್ಲಿ ಅಳುತ್ತಾ ಅತ್ತಿಗೆಗೆ ಎಲ್ಲ ಹೇಳಿದಳು. ಬಾಗಿಲಲ್ಲಿ ನಿಂತು ಕೇಳಿದ ಅಣ್ಣ ಕೆಂಡವಾದ.

"ಯಾಕೆ ಬೇಕಿತ್ತು ನಿನಗೆ ಇದೆಲ್ಲಾ? ನಾಳೆಯಿಂದ ಕೆಲಸಾನೂ ಬೇಡ, ಫೋನೂ ಬೇಡ."

"ರೀ, ಒಂದು ನಿಮಿಷ" ಎಂದಳು ಅತ್ತಿಗೆ. "ನಾನು ನಿಮಗೆ ಎಲ್ಲಿ ಸಿಕ್ಕಿದ್ದು?"

ನೆಂಟರಿಗೆಲ್ಲ ಇವರು ಹೇಳಿದ್ದು ಗೆಳೆಯನ ಮದುವೆಯಲ್ಲಿ ಪರಿಚಯ ಎಂದು. ನಿಜವಾಗಿ ಸಿಕ್ಕಿದ್ದು ಇಂಥದ್ದೇ ಆ್ಯಪಿನಲ್ಲಿ.

"ಗಂಡಸರ ವಿಷಯ ಬೇರೆ" ಎಂದು ಗೊಣಗಿದ.

"ಆ ಆ್ಯಪಲ್ಲಿ ನಾನೂ ಇದ್ದೆ ಕಣ್ರೀ. ನಾನೇನು ಗಂಡಸಾ?"

ಪುಟ್ಟಿಗೆ ಅಳುವಿನ ನಡುವೆಯೂ ನಗು ಬಂತು. ಅತ್ತಿಗೆ ಅವಳ ಪಕ್ಕ ಕೂತಳು.

"ನೋಡು ಪುಟ್ಟಿ, ಆ್ಯಪ್ ಆರಿಸುವಾಗಲೇ ಹುಷಾರಾಗಿರಬೇಕು. ಮುಖ ತೋರಿಸಿ ಇದು ನಾನೇ ಅಂತ ಖಾತ್ರಿ ಕೊಡೋ ಏರ್ಪಾಡು ಇದ್ಯಾ? ನೀನು ಎಷ್ಟು ದೂರದಲ್ಲಿದ್ದೀಯ ಅನ್ನೋದನ್ನ ಮುಚ್ಚಿಡಬಹುದಾ? ದೂರು ಕೊಡೋ ಜಾಗ ಸುಲಭವಾಗಿ ಸಿಗುತ್ತಾ? ಇಲ್ಲ ಅಂದ್ರೆ ಅದು ಬೇಡ. ಫೋಟೋ ಹಾಕೋ ಮುಂಚೆ ನಿನ್ನ ಮುಖ ಬಿಟ್ಟು ಉಳಿದಿದ್ದೆಲ್ಲ ನೋಡು. ಕೆಲಸದ ಜಾಗ, ಮನೆ ಬಾಗಿಲು, ಬಸ್ ಸ್ಟಾಪು, ಯಾವುದೂ ಕಾಣಬಾರದು. ಮೊದಲ ಭೇಟಿ ಜನ ಇರೋ ಕಡೆ. ಯಾರ ಜೊತೆ, ಎಲ್ಲಿ ಅಂತ ನನಗೊಂದು ಮೆಸೇಜ್. ಹೋಗೋದೂ ಬರೋದೂ ನಿನ್ನದೇ ಏರ್ಪಾಡಲ್ಲಿ. ಮುಂದುವರಿಯೋ ಮನಸ್ಸು ನಿನಗೂ ಇದ್ರೆ ಕಾಂಡೋಮ್ ನಿನ್ನ ಬ್ಯಾಗಲ್ಲೇ ಇರಲಿ, ಅವನು ತರ್ತಾನೆ ಅಂತ ಕೂರಬೇಡ."

ಅಣ್ಣನಿಗೆ ಕೆಮ್ಮು ಬಂತು.

"ನೀರು ಕುಡೀರಿ" ಎಂದಳು ಅತ್ತಿಗೆ. "ಇನ್ನೊಂದು, ಪುಟ್ಟಿ. ಸುಮ್ನೆ ಅಂತ ಬರೆದರೆ ಮದುವೆ ಬೇಡ ಅಂತ ಅರ್ಥ, ಮರ್ಯಾದೆ ಬೇಡ ಅಂತಲ್ಲ. ಅರ್ಧ ದಾರೀಲಿ ಬೇಡ ಅನ್ನಿಸಿದ್ರೂ ಬೇಡ ಅನ್ನಬಹುದು. ಈಗ ಅವನ ಮೆಸೇಜೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡು, ಅಳಿಸಬೇಡ. ನಾಳೆ ಠಾಣೆಗೆ ಹೋಗೋಣ."

ಮರುದಿನ ಮೂವರೂ ಪೊಲೀಸ್ ಠಾಣೆಗೆ ಹೋದರು. ಮೇಜಿನ ಹಿಂದಿದ್ದ ಪೊಲೀಸಪ್ಪ ಎಲ್ಲ ಕೇಳಿ, ಪೆನ್ನು ಕೆಳಗಿಟ್ಟು, ಪುಟ್ಟಿಯನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಯಾಕಮ್ಮ ಬೇಕಿತ್ತು ನಿನಗೆ ಇದೆಲ್ಲಾ?"

ತನ್ನದೇ ಮಾತು ಬೇರೆಯವನ ಬಾಯಲ್ಲಿ ಕೇಳಿ ಅಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಂಗಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಸಾರ್, ನಾನೂ ಇಂಥ ಆ್ಯಪಲ್ಲಿದ್ದೆ" ಎಂದ ಅಣ್ಣ. "ಇವಳು ನನ್ನ ಹೆಂಡತಿ, ಅಲ್ಲೇ ಸಿಕ್ಕಿದ್ದು. ಯಾಕೆ ಬೇಕಿತ್ತು ಅಂತ ನನ್ನನ್ನ ಯಾರೂ ಕೇಳಲಿಲ್ಲ. ನನ್ನ ತಂಗಿ ಬೇಡ ಅಂದಿದ್ದಾಳೆ. ಅವನು ಕೆಲಸದ ಜಾಗಕ್ಕೆ ನುಗ್ತಿದ್ದಾನೆ. ಬರ್ಕೊಳ್ಳಿ."

ಪೊಲೀಸಪ್ಪ ಬರೆದುಕೊಂಡ. ಫ್ಲ್ಯಾಟ್ ಮಾರುವವನನ್ನು ಕರೆಸಿ, ಗದರಿಸಿ, ಇನ್ನು ಆ ಕಡೆ ಹೋಗುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಪುಟ್ಟಿ ದೂರು ಕೊಟ್ಟ ಮೇಲೆ ಆ್ಯಪಿನವರೂ ಅವನ ಖಾತೆ ತೆಗೆದುಹಾಕಿದರು. ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಅಂಗಡಿಗೆ ಪೊಲೀಸರು ಬಂದು ವಿಚಾರಿಸಿದ್ದು ಯಜಮಾನರಿಗೆ ಹಿಡಿಸಲಿಲ್ಲ. "ಅಂಗಡಿ ಹೆಸರು ಕೆಡುತ್ತೆ, ನಾಳೆಯಿಂದ ಬರಬೇಡ" ಎಂದರು. ಪುಟ್ಟಿ ಈಗ ಎರಡು ಬಸ್ ಬದಲಿಸಿ ದೂರದ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಕಣ್ಣು ಪರೀಕ್ಷೆಗೆ ಬೇರೆಯವರಿದ್ದಾರೆ. ಇವಳು ಫ್ರೇಮ್ ಒರೆಸಿ ಜೋಡಿಸಿಡುತ್ತಾಳೆ. ಫ್ಲ್ಯಾಟ್ ಮಾರುವವನು ಇಂದಿಗೂ ಫ್ಲ್ಯಾಟ್ ಮಾರುತ್ತಿದ್ದಾನೆ, ಅವನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ, ನಿಮಗೂ ಉರಿಯಲಿ.

ಕಾಫಿ ಅಂಗಡಿಯಲ್ಲಿ ಅವನು ಮಣಿಕಟ್ಟು ಹಿಡಿದ ದಿನವೇ ಪುಟ್ಟಿ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಅಣ್ಣ ಆಮೇಲೆ ಕೇಳಿದ. "ನೀನು ಬೈತೀಯ ಅಂತ" ಎಂದಳು. ಅಣ್ಣ ಬೈದದ್ದೂ ನಿಜವಲ್ಲವೇ?

ಅಣ್ಣಂದಿರೇ, ಅಪ್ಪಂದಿರೇ, ಅಮ್ಮಂದಿರೇ, ಬೆಳೆದ ಮಕ್ಕಳು ಆ್ಯಪ್ ಹಾಕಿಕೊಳ್ಳುವುದನ್ನು ನೀವು ತಡೆಯಲಾರಿರಿ. ತಡೆದರೆ ಕದ್ದು ಹಾಕಿಕೊಳ್ಳುತ್ತಾರೆ, ಆಗ ಏಟು ಬಿದ್ದರೂ ಕದ್ದೇ ಅಳುತ್ತಾರೆ. ಇವತ್ತೇ ಅವರನ್ನು ಹತ್ತಿರ ಕೂರಿಸಿಕೊಂಡು ಎರಡು ಮಾತು ಕೇಳಿ. ಯಾರನ್ನು ನೋಡಲು ಹೋಗುತ್ತೀಯ? ಎಲ್ಲಿಗೆ? ಉತ್ತರ ಬಂದ ಮೇಲೆ, ದಯವಿಟ್ಟು, ಬಾಯಿ ಮುಚ್ಚಿಕೊಂಡಿರಿ.