ಬಾಗಿಲ ಮೇಲಿನ ಅಕ್ಷರ

"ಅದು ಕಲೆ ಅಲ್ಲ ಕಣೇ, ಯಾಕೆ ಉಜ್ಜುತ್ತೀಯ?" ಎಂದಳು ಅಮ್ಮ, ಕೂತಲ್ಲಿಂದಲೇ.

"ಸುಮ್ನೆ ಕೂತ್ಕೋಮ್ಮ," ಎಂದು ಮಗಳು ಹತ್ತಿಗೆ ಇನ್ನಷ್ಟು ಸ್ಪಿರಿಟ್ ಹಾಕಿಕೊಂಡಳು.

ಮೊದಲು ಹಾಳಾದದ್ದು ಟಿವಿ ರಿಮೋಟು. ಅದರ ಬೆನ್ನಿಗೆ ಅಮ್ಮ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿದ್ದ 'ಟಿವಿ'ಯನ್ನು ಅಳಿಸಲು ಉಗುರುಬಣ್ಣ ತೆಗೆಯುವ ನೀರು ಹಾಕಿದ್ದೇ ತಪ್ಪಾಯಿತು. ಅಕ್ಷರದ ಜೊತೆ ಪ್ಲಾಸ್ಟಿಕ್ಕೂ ಕರಗಿ ಅಂಟಂಟಾಯಿತು. ಕೆಟ್ಟ ಮೇಲೆ ಬುದ್ಧಿ. ಈಗ ಸ್ಟವ್ ಆರಿಸಿ, ಕಿಟಕಿ ತೆರೆದು, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ, ಕಪ್ಪು ಹರಡದಂತೆ ಅಂಚಿನಿಂದ ಒಳಕ್ಕೆ ಮೆಲ್ಲಗೆ ಒರೆಸುತ್ತಿದ್ದಳು. ವಾಷಿಂಗ್ ಮೆಷಿನ್ನಿನ ಮುಚ್ಚಳವಾಯಿತು, ಡಬ್ಬಿಗಳಾದವು. ಉಳಿದದ್ದು ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು. ಅದರ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ 'ಬಚ್ಚಲು'.

ಅಮ್ಮ ಉಗ್ರಾಣವೊಂದರಲ್ಲಿ ಜೀವಮಾನವೆಲ್ಲ ಡಬ್ಬಗಳ ಮೇಲೆ ಹೆಸರು ಬರೆದವಳು. ಹೆಸರಿಲ್ಲದ ಡಬ್ಬ ಕಳೆದುಹೋದ ಡಬ್ಬ ಎನ್ನುತ್ತಿದ್ದಳು. ಇವತ್ತಿಗೂ ಮುತ್ತು ಪೋಣಿಸಿದಂಥ ಅಕ್ಷರ. ಆದರೆ ಮನೆಗೇ ಹೆಸರು ಬರೆಯತೊಡಗಿದಾಗ ಮಗಳ ಎದೆ ಧಸಕ್ಕೆಂದಿತ್ತು.

ಬೆಳಿಗ್ಗೆ ಅಣ್ಣ ಫೋನಿನಲ್ಲಿ ಹೇಳಿದ್ದ: "ಸಂಜೆ ಬಂದು ನಾನೇ ನೋಡ್ತೀನಿ. ಮರೆವು ಜಾಸ್ತಿಯಾಗಿದ್ರೆ ಆಶ್ರಮಕ್ಕೆ ಸೇರಿಸೋದೇ. ನೀನೊಬ್ಬಳೇ ಎಷ್ಟು ಅಂತ ಹೆಣಗ್ತೀಯ?"

ಅವನು ಕೆಟ್ಟವನಲ್ಲ, ಹಿಡಿದ ಪಟ್ಟು ಬಿಡುವವನಲ್ಲ, ಅಷ್ಟೇ. ಈ ಬರಹ ಕಣ್ಣಿಗೆ ಬಿದ್ದರೆ ಮುಗಿಯಿತು. ಅಮ್ಮನಿಲ್ಲದ ಮನೆ ಅವಳಿಗೆ ಬೇಡವಾಗಿತ್ತು.

ಅಣ್ಣ ಬರುವ ಹೊತ್ತಿಗೆ ಬಾಗಿಲು ಹೊಸದರಂತಿತ್ತು. ಅಮ್ಮನೂ ಲವಲವಿಕೆಯಲ್ಲಿದ್ದಳು.

"ಏನೋ, ನಿನಗಿಂತ ಮುಂಚೆ ನಿನ್ನ ಹೊಟ್ಟೆ ಒಳಗೆ ಬಂತಲ್ಲೋ," ಎಂದು ರೇಗಿಸಿದಳು. ಅವನು ನಕ್ಕ. ಚಹಾ ಕುಡಿಯುತ್ತ ಮೊಮ್ಮಕ್ಕಳ ಹೆಸರು ಕೇಳಿದ, ತಪ್ಪಿಲ್ಲದೆ ಹೇಳಿದಳು.

"ಚೆನ್ನಾಗೇ ಇದಾಳಲ್ಲೇ," ಎಂದ ತಂಗಿಗೆ. ಅವಳಿಗೆ ಹೋದ ಜೀವ ಬಂದಂತಾಯಿತು.

ಆಗ ಅಮ್ಮ ಎದ್ದಳು. ನಡುಮನೆಯ ತುದಿಯಲ್ಲಿ ಅಕ್ಕಪಕ್ಕ ಎರಡು ಬಿಳಿ ಬಾಗಿಲು: ಒಂದು ಬಚ್ಚಲಿನದು, ಇನ್ನೊಂದು ಸಾಮಾನಿನ ಕೋಣೆಯದು. ಅವಳು ಒಂದರ ಮುಂದೆ ನಿಂತಳು, ಆಮೇಲೆ ಇನ್ನೊಂದರ ಮುಂದೆ. ಅಂಗೈಯಿಂದ ಬಾಗಿಲು ಸವರಿದಳು.

"ಯಾರೋ ಹೆಸರು ಕಿತ್ತಾಕಿದಾರೆ," ಎಂದಳು. "ಅವಸರ ಕಣೋ. ಯಾವುದೋ?"

ಮಗಳು ಓಡಿ ಬರುವಷ್ಟರಲ್ಲಿ ನೆಲ ಒದ್ದೆಯಾಗಿತ್ತು.

ಅವಳು ಅಮ್ಮನನ್ನು ಒಳಗೆ ಕರೆದೊಯ್ದು ತೊಳೆದು, ಬಟ್ಟೆ ಬದಲಿಸಿ ಹೊರಗೆ ಬಂದಾಗ ಅಣ್ಣ ಮಂಡಿಯೂರಿ ನೆಲ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ನಾನೇ ಅಳಿಸಿದ್ದಣ್ಣ," ಎಂದಳು. "ನೀನು ನೋಡಬಾರದು ಅಂತ. ಅದಿದ್ದಾಗ ಒಂದಿನವೂ ಹೀಗಾಗಿರಲಿಲ್ಲ."

ಅವಳು ಬಚ್ಚಿಟ್ಟಿದ್ದ ಮಾರ್ಕರ್ ತಂದು, ಮುಚ್ಚಳ ತೆಗೆದು ಅಮ್ಮನ ಕೈಗಿಟ್ಟಳು. ಬಾಗಿಲಿಗೆ ಇನ್ನೂ ಸ್ಪಿರಿಟ್ಟಿನ ವಾಸನೆಯಿತ್ತು. ಅಣ್ಣ ಒದ್ದೆ ಬಟ್ಟೆ ಹಿಡಿದು ಪಕ್ಕಕ್ಕೆ ಸರಿದು ನಿಂತ.

ಅಮ್ಮ ಬರೆಯತೊಡಗಿದಳು. ಅದೇ ಅಂಗೈಯಗಲದ, ಮುತ್ತಿನಂಥ ಅಕ್ಷರ.