ಚೌಕ ಪಡಸಾಲೆಯ ಓರೆ ಪಟ್ಟಿ

ಬೀದರಿನ ಮೈಲೂರಿನಲ್ಲಿರುವ ಸುಭಾನನ ಮನೆಯ ಪಡಸಾಲೆ ಅಪ್ಪಟ ಚೌಕ. ಎದುರುಬದುರು ಗೋಡೆಗಳ ನಡುವೆ ಎಲ್ಲಿ ಅಳೆದರೂ ಒಂದೇ ಅಂತರ. ಅಂಥ ಕೋಣೆಯಲ್ಲಿ ನೆಲದ ಶಾಬಾದಿ ಕಲ್ಲುಗಳು ಮಾತ್ರ ಯಾವ ಗೋಡೆಗೂ ಹೊಂದದೆ ಓರೆಯಾಗಿ ಕೂತಿದ್ದವು. ಮದುವೆಯಾಗಿ ಬಂದಾಗಿನಿಂದ ಅವನ ಹೆಂಡತಿ ನಸ್ರೀನಳಿಗೆ ಅದನ್ನು ಕಂಡರೆ ಮೈಯುರಿ. ಮಾವ ಬಾಬುಮಿಯಾನನ್ನು ಕೇಳೋಣವೆಂದರೆ ಆತ ತೀರಿಕೊಂಡು ವರ್ಷಗಳಾಗಿದ್ದವು.

ಅತ್ತೆ ಅಕ್ತರಬೀಯ ಕಣ್ಣು ಮಂಜಾಗುತ್ತ ಬಂದಿತ್ತು. ಕೈ ಹಿಡಿದು ಊಟಕ್ಕೆ ಕೂರಿಸಿದರೆ ಸುಮ್ಮನಿರುತ್ತಿದ್ದಳು. ನಮಾಜಿಗೆ ಮಾತ್ರ ಯಾರೂ ಹತ್ತಿರ ಬರಕೂಡದು.

“ಹೆಗಲ ಹಿಡದು ತಿರುಗಸಬ್ಯಾಡ್ರಿ. ಅಲ್ಲಾನ ಮುಂದರ ನನ್ನ ಕಾಲ ಮ್ಯಾಲ ನಾನ ನಿಲ್ತೇನಿ,” ಅಂದಿದ್ದಳು.

ಹಾಗೇ ನಿಲ್ಲುತ್ತಲೂ ಇದ್ದಳು, ದಿಕ್ಕು ತಪ್ಪದೆ. ಅಷ್ಟಾದರೂ ಕಾಣುತ್ತದಲ್ಲ ಎಂದು ನಸ್ರೀನ ಸಮಾಧಾನಪಟ್ಟಿದ್ದಳು.

ಅತ್ತೆ ಔರಾದಿನ ಮಗಳ ಮನೆಗೆ ಹೋದದ್ದೇ ತಡ, ನಸ್ರೀನ ಭಾಲ್ಕಿ ಕಡೆಯ ಹಲಬರ್ಗಾದಿಂದ ಟೈಲ್ಸ್ ಕೂಡಿಸುವ ಕಾಶೀನಾಥನನ್ನು ಕರೆಸಿದಳು. ಆತ ಹಳೇ ಕಲ್ಲು ಕಿತ್ತು, ಗೋಡೆಗೆ ಸಮಾನಾಂತರವಾಗಿ ದಾರ ಎಳೆದು, ಚೌಕ ಟೈಲ್ಸು ಕೂಡಿಸಿದ. ಸಾಲುಗಳು ಕಣ್ಣಿಗೆ ಹಬ್ಬವಾಗಿದ್ದವು. ನಸ್ರೀನ ಒರೆಸಿದ್ದನ್ನೇ ಒರೆಸಿದಳು.

ಅಕ್ತರಬೀ ಮರಳಿ ಬಂದಳು. ಕೈಕಾಲು ತೊಳೆದು ಪಡಸಾಲೆಗೆ ನಡೆದು, ಹೆಬ್ಬೆರಳಿನಿಂದ ನೆಲ ಸವರಿದಳು. ಸರಿದು ನಿಂತು ಮತ್ತೆ ಸವರಿದಳು. ಬಾಯಿಬಿಟ್ಟು ಕೇಳುವ ಹೆಣ್ಣಲ್ಲ. ಕಡೆಗೆ ಟೈಲ್ಸಿನ ಸಂದಿಯೊಂದು ಸಿಕ್ಕಿತು. ಅದಕ್ಕೆ ಎರಡೂ ಪಾದ ಹೊಂದಿಸಿ ನಮಾಜಿಗೆ ನಿಂತಳು. ಮುಖ ಮೆಕ್ಕಾ ಇರುವ ಕಿಬ್ಲಾ ದಿಕ್ಕಿಗಿರಲಿಲ್ಲ, ಟೀವಿಯ ಕಡೆಗಿತ್ತು.

ಹೆಗಲಿಗೆಂದು ಚಾಚಿದ ಕೈಯನ್ನು ನಸ್ರೀನ ಹಿಂದಕ್ಕೆಳೆದುಕೊಂಡಳು. ಅತ್ತೆಗೆ ಏನೂ ಕಾಣುತ್ತಿರಲಿಲ್ಲವೆಂದು ಅವಳಿಗೆ ಈಗ ಹೊಳೆಯಿತು. ಕಾಲಿಗೆ ಸಿಗುವ ಕಲ್ಲಿನ ಸಂದಿಯೇ ಇಷ್ಟು ದಿನ ಅವಳಿಗೆ ದಿಕ್ಕು ತೋರಿಸಿತ್ತು. ನಸ್ರೀನಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು.

ಸುಭಾನನಿಗೆ ಆಗ ನೆನಪಾಯಿತು. “ನಾ ಸಣ್ಣಾಂವ ಇದ್ದಾಗ ರಮಜಾನದಾಗ ಓಣಿ ಹೆಣ್ಮಕ್ಕಳು ಇಲ್ಲೇ ಸಾಲ ಹಿಡದು ನಮಾಜಿಗೆ ನಿಲ್ತಿದ್ರು. ಅದಕ್ಕ ಅಬ್ಬಾ ಕಲ್ಲ ಕಿಬ್ಲಾಕ್ಕ ಹೊಂದಿಸಿ ಹಂಗ ಹಾಕಸಿದ್ರು.”

ಓರೆ ಪಟ್ಟಿ ಹಾಕಲು ಮತ್ತೆ ಕರೆಸಿದ ಕಾಶೀನಾಥ ಮರುದಿನ ಕಟರ್ ಹಿಡಿದು, ಕೊರೆಯದೆ ನಿಂತೇ ಇದ್ದ. “ಅಕ್ಕಾರ, ಇಷ್ಟು ಚಂದ ಕೂಡಸೇನಿ. ನಡುವ ಸೊಟ್ಟ ಪಟ್ಟಿ ಹಾಕಿದ್ರ ನನ್ನ ಹೆಸರ ಕೆಡ್ತದರಿ.”

“ಕೆಡ್ಲಿ ಅಣ್ಣಾ. ನೀವು ಕೊರೀರಿ.”

ಸುಭಾನ ಮೊಬೈಲಿನಲ್ಲಿ ಕಿಬ್ಲಾ ನೋಡಿ ದಾರ ಹಿಡಿದ. ಕಟರ್ ಓಡಿದಲ್ಲೆಲ್ಲ ಚೌಕಗಳು ಕೆಟ್ಟವು. ಬಹಳಷ್ಟು ಚೂರುಗಳಲ್ಲಿ ಎರಡು ಅಂಚು ಮಾತ್ರ ಜೊತೆಯಾಗಿ ಓಡುತ್ತಿದ್ದವು, ಉಳಿದೆರಡು ಮುನಿಸಿಕೊಂಡಿದ್ದವು. ನಡುವೆ ಕರಿಕಲ್ಲಿನ ಪಟ್ಟಿ ಕೂತಿತು, ಕಾಲಿಗೆ ತುಸು ಎದ್ದು ಸಿಗುವಂತೆ. ಅತ್ತೆಗೆ ಪೈಪಿನ ಕೆಲಸ ಎಂದು ಹೇಳಿದರು.

ಸಂಜೆ ನಮಾಜಿಗೆ ಅಕ್ತರಬೀ ಬಂದು ಹೆಬ್ಬೆರಳಾಡಿಸಿದಳು. ಪಟ್ಟಿ ಸಿಕ್ಕಿತು. ಅದರುದ್ದಕ್ಕೂ ಸವರಿ, ಪಕ್ಕದ ಟೈಲ್ಸಿನ ಸಂದಿಗಳನ್ನೂ ಸವರಿದಳು.

“ಯಾಂವ ಕೂಡಸ್ಯಾನ ಇದನ್ನ? ಎಲ್ಲಾ ಸೊಟ್ಟ. ಅವಗ ಕಣ್ಣ ಕಾಣಂಗಿಲ್ಲೇನು?”

“ಕೆಡಸಿ ಹೋಗ್ಯಾನ್ರಿ ಅಮ್ಮೀ,” ಅಂದಳು ನಸ್ರೀನ. “ತಗಸಲೇನ್ರಿ?”

“ಇರ್ಲಿ ಬಿಡು,” ಅಂದು ಅಕ್ತರಬೀ ಎರಡೂ ಪಾದ ಪಟ್ಟಿಗೆ ಹೊಂದಿಸಿ, ಸೆರಗು ಸರಿಮಾಡಿಕೊಂಡು, ಕೈ ಎತ್ತಿದಳು.